ಬಸಿರು, ಬಾಣಂತನ ಮತ್ತು ಚರ್ಮದ ಒಂದು ಅಪರೂಪದ ಲಿಂಫೋಮಾ

ಬಸಿರಿನ ಒಂಬತ್ತು ತಿಂಗಳಲ್ಲಿ ತಾಯಿಯ ಮೈಯೊಳಗಿನ ರೋಗನಿರೋಧಕ ವ್ಯವಸ್ಥೆ ತನ್ನ ನಡವಳಿಕೆಯನ್ನು ಬಹುಮಟ್ಟಿಗೆ ಬದಲಿಸಿಕೊಳ್ಳುತ್ತದೆ. ಕ್ಯಾನ್ಸರ್ ಹುಟ್ಟಿರುವುದು ಆ ವ್ಯವಸ್ಥೆಯ ಕೋಶಗಳಲ್ಲಿಯೇ ಆಗಿದ್ದರೆ, ಬಸಿರು ಆ ಕಾಯಿಲೆಯನ್ನು ಕೆರಳಿಸುತ್ತದೆಯೇ, ಕಾಯಿಲೆಯಿಂದ ಬಸಿರಿಗೆ ಕೇಡಾಗುತ್ತದೆಯೇ, ನಡೆಯುತ್ತಿರುವ ಚಿಕಿತ್ಸೆಯನ್ನು ಮುಂದುವರಿಸಬಹುದೇ ಎಂಬ ಪ್ರಶ್ನೆಗಳು ಒಟ್ಟೊಟ್ಟಿಗೆ ಏಳುತ್ತವೆ. ಚರ್ಮದ ಒಂದು ಅಪರೂಪದ ಲಿಂಫೋಮಾವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಇಂದಿನ ಭಾಷಣದ ಉದ್ದೇಶ. ಆ ಕಾಯಿಲೆಯ ಹೆಸರು ಮೈಕೋಸಿಸ್ ಫಂಗಾಯ್ಡಿಸ್.

ಲಿಂಫೋಮಾ ಎಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಈ ಕಣಗಳಲ್ಲಿ ಬಿ ಕೋಶ ಮತ್ತು ಟಿ ಕೋಶ ಎಂಬ ಎರಡು ಮುಖ್ಯ ಬಗೆಗಳಿದ್ದು, ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಕೊಲ್ಲುವುದು ಮತ್ತು ಉಳಿದ ರಕ್ಷಕ ಕೋಶಗಳಿಗೆ ಸೂಚನೆ ಕೊಡುವುದು ಟಿ ಕೋಶಗಳ ಪಾಲಿನ ಕೆಲಸ. ಇವುಗಳಲ್ಲಿ ಒಂದು ಪಂಗಡ ಚರ್ಮದಲ್ಲಿಯೇ ನೆಲೆಸಿ ಕಾವಲು ಕಾಯುತ್ತದೆ. ಆ ಪಂಗಡದ ಒಂದು ಕೋಶ ಹದ್ದು ಮೀರಿ ತನ್ನಂಥವೇ ಕೋಶಗಳನ್ನು ಹುಟ್ಟಿಸುತ್ತ ಹೋದಾಗ ಈ ಕಾಯಿಲೆ ತಲೆದೋರುತ್ತದೆ. ಸಾಮಾನ್ಯ ಲಿಂಫೋಮಾಗಳು ಕುತ್ತಿಗೆ, ಕಂಕುಳು, ತೊಡೆಸಂದುಗಳ ದುಗ್ಧಗ್ರಂಥಿಗಳು ಊದಿಕೊಳ್ಳುವುದರಿಂದ ಗೊತ್ತಾಗುತ್ತವೆ. ಮೈಕೋಸಿಸ್ ಫಂಗಾಯ್ಡಿಸ್ ಮಾತ್ರ ವರ್ಷಗಟ್ಟಲೆ, ಎಷ್ಟೋ ಸಲ ದಶಕಗಟ್ಟಲೆ, ಚರ್ಮವನ್ನು ದಾಟಿ ಒಳಗೆ ಇಳಿಯುವುದಿಲ್ಲ. ಚರ್ಮದ ಟಿ ಕೋಶ ಲಿಂಫೋಮಾಗಳಲ್ಲಿ ಇದೇ ಅತಿ ಸಾಮಾನ್ಯವಾದದ್ದು. ಆದರೂ ಆ ಇಡೀ ಗುಂಪಿನ ಕಾಯಿಲೆಗಳನ್ನು ಒಟ್ಟುಗೂಡಿಸಿದರೂ 10 ಲಕ್ಷ ಜನರಲ್ಲಿ ವರ್ಷಕ್ಕೆ ಹತ್ತು ಮಂದಿಯಲ್ಲಿ ಕೂಡ ಹೊಸದಾಗಿ ಪತ್ತೆಯಾಗುವುದಿಲ್ಲವೆಂದು ಅಮೆರಿಕದ ದಾಖಲೆಗಳು ತೋರಿಸುತ್ತವೆ.

ಕಾಯಿಲೆಯನ್ನು ಮೊದಲು ವರ್ಣಿಸಿದವನು ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ವೈದ್ಯ ಜಾನ್ ಲೂಯಿ ಅಲಿಬೆರ್, ಕಾಲ 1806. ರೋಗಿಯ ಮೈಮೇಲೆ ಎದ್ದಿದ್ದ ಗಡ್ಡೆಗಳು ಅವನ ಕಣ್ಣಿಗೆ ಅಣಬೆಗಳಂತೆ ಕಂಡದ್ದರಿಂದ ಈ ಹೆಸರು ಬಂತೇ ಹೊರತು, ಇದು ಶಿಲೀಂಧ್ರದ ರೋಗವೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದೂ ಅಲ್ಲ. 1870ರಲ್ಲಿ ಬಾಜಾನ್ ಎಂಬ ಮತ್ತೊಬ್ಬ ಫ್ರೆಂಚ್ ವೈದ್ಯ ಇದಕ್ಕೆ ಮೂರು ಹಂತಗಳಿವೆಯೆಂದು ತೋರಿಸಿದ. ಮೊದಲ ಹಂತದಲ್ಲಿ ಚರ್ಮದ ಮಟ್ಟದಲ್ಲಿಯೇ ಇರುವ ಕಲೆಗಳು, ಎರಡನೆಯದರಲ್ಲಿ ಕೈಗೆ ದಪ್ಪವಾಗಿ ಸಿಗುವ ದಡಿಕೆಗಳು, ಮೂರನೆಯದರಲ್ಲಿ ಗಡ್ಡೆಗಳು. ಎಲ್ಲ ರೋಗಿಗಳೂ ಈ ಮೂರು ಹಂತಗಳನ್ನು ಹಾಯುತ್ತಾರೆಂದು ತಿಳಿಯಬಾರದು. ಬಹುಪಾಲು ರೋಗಿಗಳು ಮೊದಲ ಎರಡು ಹಂತಗಳಲ್ಲಿಯೇ ಬಾಳುವೆ ಮುಗಿಸುತ್ತಾರೆ. ಮೈಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಕಲೆಗಳಿರುವವರ ಆಯುಸ್ಸು ಈ ಕಾಯಿಲೆ ಇಲ್ಲದವರ ಆಯುಸ್ಸಿಗೆ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತದೆ. ಮುಂದೆ ಹೇಳುವ ಪ್ರತಿಯೊಂದು ಮಾತಿಗೂ ಈ ಸಂಗತಿಯೇ ತಳಹದಿಯಾದ್ದರಿಂದ ಕೇಳುಗರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಯಿಲೆ ಚರ್ಮದ್ದು, ನಿಧಾನದ್ದು, ಅಂಟದಂಥದ್ದು ಎಂಬುದಿಷ್ಟು ತಿಳಿಯಿತು. ಇದು ಕಾಣುವುದು ಹೇಗೆ? ಬಿಳಿಯ ಮೈಬಣ್ಣದವರಲ್ಲಿ ನಸುಗೆಂಪಾದ, ತೆಳುವಾಗಿ ಹೊಟ್ಟು ಏಳುವ, ಒಣಗಿದ ಈರುಳ್ಳಿ ಸಿಪ್ಪೆಯಂತೆ ಸಣ್ಣಗೆ ಸುಕ್ಕುಗಟ್ಟಿದ ಕಲೆಗಳು ಮೂಡುತ್ತವೆ. ಅವು ಬಿಸಿಲು ಬೀಳದ ಜಾಗಗಳನ್ನೇ, ಅಂದರೆ ಸೊಂಟ, ಪೃಷ್ಠ, ತೊಡೆಯ ಒಳಬದಿ, ಸ್ತನ, ತೋಳಿನ ಒಳಬದಿಗಳನ್ನೇ ಹೆಚ್ಚಾಗಿ ಹಿಡಿಯುತ್ತವೆ. ಏಷ್ಯಾ ಮತ್ತು ಆಫ್ರಿಕಾ ಮೂಲದ ಕಂದುಬಣ್ಣದ ಮೈಯವರಲ್ಲಿ ಕಾಯಿಲೆಗೆ ಇನ್ನೊಂದು ರೂಪವುಂಟು. ಕೆಂಪಿನ ಬದಲು ಸುತ್ತಲ ಚರ್ಮಕ್ಕಿಂತ ತುಸು ತಿಳಿಯಾದ, ಅಂಚು ಸರಿಯಾಗಿ ಗೊತ್ತಾಗದ ಬಿಳಚು ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಈ ರೂಪ ಎಳೆಯ ವಯಸ್ಸಿನಲ್ಲಿಯೇ, ಕೆಲವರಲ್ಲಿ ಬಾಲ್ಯದಲ್ಲಿಯೇ ಶುರುವಾಗುತ್ತದೆ ಮತ್ತು ಚಿಕಿತ್ಸೆಗೆ ಸಾಮಾನ್ಯವಾಗಿ ಚೆನ್ನಾಗಿ ಮಣಿಯುತ್ತದೆ.

ಬಿಳಚು ಮಚ್ಚೆಯೆಂದರೆ ಕನ್ನಡನಾಡಿನ ಮನೆಗಳಲ್ಲಿ ಮೊದಲು ನೆನಪಾಗುವುದು ಸಿಬ್ಬು, ತೊನ್ನು, ಇಲ್ಲವೇ ಕುಷ್ಠ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ತೊನ್ನಿನಲ್ಲಿ ಬಣ್ಣ ಪೂರ್ತಿಯಾಗಿ ಹೋಗಿ ಹಾಲಿನ ಬಿಳುಪು ಬಂದಿರುತ್ತದೆ. ಸಿಬ್ಬು ಶಿಲೀಂಧ್ರನಾಶಕ ಮುಲಾಮಿಗೆ ಕೆಲವು ವಾರಗಳಲ್ಲಿ ಬಗ್ಗುತ್ತದೆ. ಈ ಮೂರಕ್ಕೂ ಹೊಂದದ ಮಚ್ಚೆ ವರ್ಷಗಟ್ಟಲೆ ಹಾಗೆಯೇ ಉಳಿದಿದ್ದರೆ ಅದರ ಒಂದು ಚೂರನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ಆದರೆ ಅದಕ್ಕೆ ಮೊದಲೇ ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟೆರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೈವಿಕ ಈ ಮೂರನ್ನೂ ಬೆರೆಸಿದ ಟ್ಯೂಬುಗಳು ಮನೆ ಸೇರಿರುತ್ತವೆ. ಅವುಗಳಲ್ಲಿನ ಸ್ಟೆರಾಯ್ಡ್ ಕಲೆಯನ್ನು ಅರೆಬರೆ ಅಳಿಸುವುದರಿಂದ ಕಾಯಿಲೆ ವಾಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ; ಮುಲಾಮು ನಿಂತೊಡನೆ ಕಲೆ ಮರಳುತ್ತದೆ; ಹಚ್ಚುತ್ತಿರುವಾಗಲೇ ಚೂರು ತೆಗೆದರೆ ಸೂಕ್ಷ್ಮದರ್ಶಕದಡಿ ಲಕ್ಷಣಗಳು ಮಸುಕಾಗಿ ಕಾಣುತ್ತವೆ. ಚೂರು ತೆಗೆಯುವ ಮುನ್ನ ಎರಡರಿಂದ ನಾಲ್ಕು ವಾರ ಯಾವ ಮುಲಾಮನ್ನೂ ಹಚ್ಚಬಾರದೆಂದು ಚರ್ಮವೈದ್ಯರು ಹೇಳುವುದು ಈ ಕಾರಣಕ್ಕಾಗಿಯೇ. ಕಲೆ ಮೂಡಿದಂದಿನಿಂದ ರೋಗ ನಿರ್ಧಾರವಾಗುವವರೆಗೆ ಮೂರು ನಾಲ್ಕು ವರ್ಷಗಳು ಕಳೆಯುವುದು ಮುಂದುವರಿದ ದೇಶಗಳಲ್ಲಿಯೂ ಸಾಮಾನ್ಯ. ಆ ಅವಧಿಯಲ್ಲಿ ಹೆಣ್ಣುಮಗಳೊಬ್ಬಳ ಮದುವೆಯಾಗಿ, ಒಂದೆರಡು ಹೆರಿಗೆಗಳೂ ಆಗಿಬಿಟ್ಟಿರಬಹುದು.

ಹೀಗಾಗಿ, ಪಾಶ್ಚಾತ್ಯ ಗ್ರಂಥಗಳು ಇದನ್ನು 50 ದಾಟಿದವರ, ಅದರಲ್ಲೂ ಗಂಡಸರ ಕಾಯಿಲೆಯೆಂದು ವರ್ಣಿಸಿದರೂ, ಭಾರತದಂಥ ದೇಶದಲ್ಲಿ ಹೆರುವ ವಯಸ್ಸಿನ ಹೆಣ್ಣುಮಕ್ಕಳ ವಿಚಾರವನ್ನು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರಬಹುದು. ಚರ್ಮದ ಟಿ ಕೋಶಗಳು ಕೆಟ್ಟು ಈ ಕಾಯಿಲೆ ಹುಟ್ಟುತ್ತದೆಂದು ಹೇಳಲಾಯಿತು. ಬಸಿರು ಟಿ ಕೋಶಗಳನ್ನು ಏನು ಮಾಡುತ್ತದೆ? ಮಗುವಿನ ಅರ್ಧ ಆನುವಂಶಿಕ ಸಾಮಗ್ರಿ ತಂದೆಯಿಂದ ಬಂದದ್ದು. ಬೇರೊಬ್ಬರ ಚರ್ಮದ ತುಂಡನ್ನು ಕಸಿ ಮಾಡಿದರೆ ಕೆಲವೇ ದಿನಗಳಲ್ಲಿ ಉದುರಿಸಿಬಿಡುವ ತಾಯಿಯ ದೇಹ, ಅರ್ಧ ಪರಕೀಯವಾದ ಭ್ರೂಣವನ್ನು ಒಂಬತ್ತು ತಿಂಗಳು ಹೇಗೆ ಸಹಿಸುತ್ತದೆ ಎಂಬ ಪ್ರಶ್ನೆಯನ್ನು ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಎತ್ತಿದರು. ರೋಗನಿರೋಧಕ ಸಹಿಷ್ಣುತೆಯ ಮೇಲಿನ ಕೆಲಸಕ್ಕಾಗಿ ಅವರಿಗೆ 1960ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಸಹಾಯಕ ಟಿ ಕೋಶಗಳಲ್ಲಿ ಎರಡು ಪಂಗಡಗಳಿವೆಯೆಂದು ಆಮೇಲೆ ತಿಳಿದುಬಂತು. ಒಂದನೆಯ ಪಂಗಡ ಕೋಶಗಳನ್ನು ಕೊಲ್ಲುವ ಕಾರ್ಯಾಚರಣೆಗೆ ಉತ್ತೇಜನ ಕೊಡುತ್ತದೆ. ಎರಡನೆಯದು ಪ್ರತಿಕಾಯಗಳೆಂಬ ಪ್ರೋಟೀನುಗಳ ತಯಾರಿಕೆಗೆ ನೆರವಾಗುತ್ತದೆ. ಬಸಿರಿನಲ್ಲಿ ತಕ್ಕಡಿ ಎರಡನೆಯ ಪಂಗಡದ ಕಡೆಗೆ ವಾಲುತ್ತದೆಂದು 1993ರಲ್ಲಿ ಥಾಮಸ್ ವೆಗ್‌ಮನ್ ಮತ್ತು ಸಂಗಡಿಗರು ಪ್ರತಿಪಾದಿಸಿದರು. ಉರಿಯೂತವನ್ನು ಹದ್ದಿನಲ್ಲಿಡುವ ನಿಯಂತ್ರಕ ಟಿ ಕೋಶಗಳ ಪಾತ್ರ ಅನಂತರದ ವರ್ಷಗಳಲ್ಲಿ ಬೆಳಕಿಗೆ ಬಂದು, ವೆಗ್‌ಮನ್ ಬರೆದ ಚಿತ್ರ ತೀರ ಸರಳವಾದದ್ದೆಂದು ಗೊತ್ತಾಯಿತಾದರೂ, ಅದರ ಒಟ್ಟಾರೆ ದಿಕ್ಕು ಇಂದಿಗೂ ಮಾನ್ಯವಾಗಿದೆ.

ಈ ಬದಲಾವಣೆಯ ಪರಿಣಾಮ ಬೇರೆ ಕಾಯಿಲೆಗಳಲ್ಲಿ ಕಣ್ಣಿಗೆ ಕಾಣುವಂತಿದೆ. ಕೀಲುಗಳು ಊದಿ ನೋಯುವ ರುಮಟಾಯ್ಡ್ ಸಂಧಿವಾತ ಬಸಿರಿನಲ್ಲಿ ಎಷ್ಟೋ ಜನರಿಗೆ ತಗ್ಗಿ, ಹೆರಿಗೆಯಾದ ಕೆಲವು ತಿಂಗಳಲ್ಲಿ ಮರುಕಳಿಸುತ್ತದೆ. ಅಮೆರಿಕದ ಫಿಲಿಪ್ ಹೆಂಚ್ ಇದನ್ನು 1930ರ ದಶಕದಲ್ಲಿಯೇ ಗಮನಿಸಿ ದಾಖಲಿಸಿದ್ದರು. ಭಾರತದ ವೈದ್ಯರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಕುಷ್ಠ. ಕುಷ್ಠವಿರುವ ತಾಯಿಯ ಮಚ್ಚೆಗಳು ಮತ್ತು ನರಗಳು ಬಾಣಂತನದ ತಿಂಗಳುಗಳಲ್ಲಿ ಇದ್ದಕ್ಕಿದ್ದಂತೆ ಕೆರಳಿ ಊದುವುದುಂಟು; ಬಸಿರಿನಲ್ಲಿ ಅಡಗಿದ್ದ ಕೋಶೀಯ ರಕ್ಷಣೆ ಹೆರಿಗೆಯ ನಂತರ ಮರಳುವುದೇ ಅದಕ್ಕೆ ಕಾರಣ. ಅಂದರೆ ರೋಗನಿರೋಧಕ ವ್ಯವಸ್ಥೆಯ ಮಟ್ಟಿಗೆ ಬಸಿರು ಮತ್ತು ಬಾಣಂತನ ಒಂದರ ಮುಂದುವರಿಕೆ ಇನ್ನೊಂದಲ್ಲ. ಅವು ಎರಡು ಬೇರೆ ಕಾಲಗಳು.

ಈ ತರ್ಕವನ್ನು ಮೈಕೋಸಿಸ್ ಫಂಗಾಯ್ಡಿಸ್‌ಗೆ ಅನ್ವಯಿಸಿದರೆ ಮೊದಲು ಹುಟ್ಟುವುದು ಆತಂಕವೇ. ಕ್ಯಾನ್ಸರ್ ಕೋಶಗಳನ್ನು ಹತೋಟಿಯಲ್ಲಿಡಲು ಬೇಕಾದದ್ದು ಒಂದನೆಯ ಪಂಗಡದ ಚಟುವಟಿಕೆ. ಕಾಯಿಲೆ ಮುಂದಿನ ಹಂತಗಳಿಗೆ ಏರಿದಂತೆ ರೋಗಿಯ ದೇಹ ತಾನಾಗಿಯೇ ಎರಡನೆಯ ಪಂಗಡದ ಕಡೆಗೆ ವಾಲುವುದು ಸಿದ್ಧಪಟ್ಟಿದೆ. ಬಸಿರೂ ಅದೇ ಕಡೆಗೆ ಎಳೆಯುವುದಾದರೆ ಕಾಯಿಲೆ ಪ್ರತಿ ಬಸಿರಿನಲ್ಲಿಯೂ ಉಲ್ಬಣಿಸಬೇಕಾಗಿತ್ತು.

ಹಾಗೆ ಆಗುವುದಿಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿರುವ ವರದಿಗಳು ಸಂಖ್ಯೆಯಲ್ಲಿ ಕಡಿಮೆ. ಹೆಚ್ಚಿನವು ಒಬ್ಬಿಬ್ಬರು ರೋಗಿಗಳ ವೃತ್ತಾಂತಗಳು. ಉಳಿದವು ಒಂದೊಂದು ಆಸ್ಪತ್ರೆಯ ಚಿಕ್ಕ ಸಂಗ್ರಹಗಳು. ಅವುಗಳಲ್ಲಿ ಕೆಲವು ಹೆಂಗಸರ ಕಲೆಗಳು ಬಸಿರಿನಲ್ಲಿ ಹೆಚ್ಚಿವೆ, ಕೆಲವರಲ್ಲಿ ಹೆರಿಗೆಯ ನಂತರ ಹೆಚ್ಚಿವೆ, ಇನ್ನು ಕೆಲವರಲ್ಲಿ ಏನೊಂದೂ ಬದಲಾಗಿಲ್ಲ. ಆರಂಭದ ಹಂತದಲ್ಲಿದ್ದವರಲ್ಲಿ ಹೆಚ್ಚಳ ಕಂಡರೂ ಅದು ಬಹುತೇಕ ಚರ್ಮಕ್ಕೆ ಸೀಮಿತವಾಗಿದ್ದು, ಹೆರಿಗೆಯ ನಂತರ ಮಾಮೂಲು ಚಿಕಿತ್ಸೆಗೆ ಬಗ್ಗಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಯಿಲೆ ಕೆರಳಿದ ಬಸಿರನ್ನು ವೈದ್ಯರು ಬರೆದು ಪ್ರಕಟಿಸುತ್ತಾರೆ. ಏನೂ ಆಗದೆ ಸುಖವಾಗಿ ಹೆರಿಗೆಯಾದದ್ದನ್ನು ಬರೆಯಲು ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದ ಪ್ರಕಟಿತ ವರದಿಗಳನ್ನು ಎಣಿಸಿ ಅಪಾಯದ ಪ್ರಮಾಣವನ್ನು ಲೆಕ್ಕ ಹಾಕಿದರೆ ಅದು ನಿಜಕ್ಕಿಂತ ಹೆಚ್ಚಾಗಿಯೇ ತೋರುತ್ತದೆ. ಇನ್ನೂ ಒಂದು ತೊಡಕಿದೆ. ಬಸಿರು ನಿಂತ ಸುದ್ದಿ ತಿಳಿದೊಡನೆ ನಡೆಯುತ್ತಿದ್ದ ಚಿಕಿತ್ಸೆಯನ್ನು ಹೆದರಿ ನಿಲ್ಲಿಸುವುದು ವಾಡಿಕೆ. ಆಮೇಲೆ ಕಲೆ ಹೆಚ್ಚಿದರೆ ಅದು ಬಸಿರಿನಿಂದಾಯಿತೋ ಔಷಧ ನಿಲ್ಲಿಸಿದ್ದರಿಂದಾಯಿತೋ ಎಂದು ಬಿಡಿಸಿ ಹೇಳಲಾಗುವುದಿಲ್ಲ.

ಬಸಿರಿನಿಂದ ಕಾಯಿಲೆಯ ಮೇಲಾಗುವ ಪರಿಣಾಮ ಹೀಗೆ ಅನಿಶ್ಚಿತವಾದದ್ದು, ಆರಂಭದ ಹಂತದಲ್ಲಿ ಸಾಮಾನ್ಯವಾಗಿ ಸೌಮ್ಯವಾದದ್ದು. ಇನ್ನು ಕಾಯಿಲೆಯಿಂದ ಬಸಿರಿನ ಮೇಲಾಗುವ ಪರಿಣಾಮವೇನು? ಆರಂಭದ ಹಂತದಲ್ಲಿರುವ ತಾಯಂದಿರ ಕೂಸುಗಳು ಸಾಮಾನ್ಯವಾಗಿ ಆರೋಗ್ಯವಾಗಿಯೇ ಹುಟ್ಟಿವೆ. ಕಾಯಿಲೆ ಮಗುವಿಗೂ ದಾಟುತ್ತದೆಯೇ ಎಂಬುದು ಮನೆಯವರೆಲ್ಲರ ಮನಸ್ಸಿನಲ್ಲಿರುವ, ಆದರೆ ಹೆಚ್ಚಿನವರು ಬಾಯಿಬಿಟ್ಟು ಕೇಳದ ಪ್ರಶ್ನೆ. ತಾಯಿಯ ಕ್ಯಾನ್ಸರ್ ಕೋಶಗಳು ಮಾಸನ್ನು ದಾಟಿ ಮಗುವನ್ನು ಸೇರಿದ ನಿದರ್ಶನವನ್ನು ಜರ್ಮನಿಯ ಫ್ರೀಡ್ರೈಖ್ 1866ರಷ್ಟು ಹಿಂದೆಯೇ ವರದಿ ಮಾಡಿದ್ದರು. ಅಂದಿನಿಂದ ಇಂದಿನವರೆಗೆ, ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನು ಸೇರಿಸಿದರೂ, ಇಂಥ ಪ್ರಕರಣಗಳು ತೀರ ವಿರಳ. ಇವುಗಳಲ್ಲಿ ಮೆಲನೋಮಾ ಎಂಬ ಚರ್ಮದ ಬೇರೊಂದು ಕ್ಯಾನ್ಸರ್‌ನ ಪಾಲೇ ದೊಡ್ಡದು. ಚರ್ಮದಲ್ಲಿಯೇ ನೆಲೆಸಿ ರಕ್ತಕ್ಕೆ ಇಳಿಯದ ಕಾಯಿಲೆಗೆ ಮಾಸಿನ ತನಕ ಹೋಗುವ ದಾರಿಯೇ ಇರುವುದಿಲ್ಲ. ವಂಶಪಾರಂಪರ್ಯವಾಗಿ ಬರುವ ಕಾಯಿಲೆಗಳ ಸಾಲಿಗೂ ಇದನ್ನು ಸೇರಿಸಿಲ್ಲ; ಒಂದೇ ಕುಟುಂಬದ ಇಬ್ಬರಲ್ಲಿ ಕಂಡ ಪ್ರಸಂಗಗಳು ಇದ್ದರೂ ಅವು ಅಪವಾದಗಳು.

ತಾಯಿಯಿಂದ ಮಗುವಿಗೆ ನಿಜವಾಗಿಯೂ ನಂಟಿರುವ ಚರ್ಮದ ಲಿಂಫೋಮಾ ಬೇರೆಯೇ ಒಂದಿದೆ. ಜಪಾನಿನ ನೈಋತ್ಯ ಭಾಗದಲ್ಲಿ ಹೆಚ್ಚಾಗಿ ಕಾಣುವ, 1977ರಲ್ಲಿ ತಕಾತ್ಸುಕಿ ಮತ್ತು ಸಂಗಡಿಗರು ಗುರುತಿಸಿದ ವಯಸ್ಕರ ಟಿ ಕೋಶ ಲ್ಯುಕೇಮಿಯಾ-ಲಿಂಫೋಮಾ ಅದು. ಅದರ ಚರ್ಮದ ಗಾಯಗಳು ಮೈಕೋಸಿಸ್ ಫಂಗಾಯ್ಡಿಸ್‌ನ ಗಾಯಗಳನ್ನು ಅಚ್ಚೊತ್ತಿದಂತೆ ಹೋಲುತ್ತವೆ. ಅದಕ್ಕೆ ಮೂಲ ಎಚ್‌ಟಿಎಲ್‌ವಿ-1 ಎಂಬ ವೈರಸ್. ವೈರಸ್ ಮಗುವನ್ನು ಸೇರುವ ಮುಖ್ಯ ದಾರಿ ಎದೆಹಾಲು. ಸೋಂಕಿರುವ ತಾಯಿ ಬಹುಕಾಲ ಎದೆಹಾಲು ಕೊಟ್ಟರೆ 100 ಮಕ್ಕಳಲ್ಲಿ ಸುಮಾರು 20ಕ್ಕೆ, ಬಾಟಲಿ ಹಾಲು ಕೊಟ್ಟರೆ ಸುಮಾರು ಮೂರಕ್ಕೆ ಸೋಂಕು ತಗಲುತ್ತದೆ. ನಾಗಸಾಕಿ ಪ್ರಾಂತದಲ್ಲಿ 1987ರಿಂದ ಗರ್ಭಿಣಿಯರೆಲ್ಲರ ರಕ್ತವನ್ನು ಈ ವೈರಸ್‌ಗಾಗಿ ಪರೀಕ್ಷಿಸುವ ಕ್ರಮ ಶುರುವಾದದ್ದು ಇದೇ ಕಾರಣಕ್ಕೆ. ಸೋಂಕು ತಗುಲಿದವರಲ್ಲಿಯೂ 20 ಮಂದಿಗೆ ಒಬ್ಬರಂತೆ ಮಾತ್ರ, ಅದೂ ಹಲವು ದಶಕಗಳ ನಂತರ, ಲಿಂಫೋಮಾ ಹುಟ್ಟುತ್ತದೆ. ಈ ಎರಡು ಕಾಯಿಲೆಗಳನ್ನು ಒಂದೆಂದು ತಿಳಿದು ಮೈಕೋಸಿಸ್ ಫಂಗಾಯ್ಡಿಸ್ ಇರುವ ತಾಯಿಗೆ ಹಾಲೂಡಿಸಬೇಡವೆಂದು ಹೇಳುವುದು ತಪ್ಪು.

ಹಾಗಾದರೆ ಅಪಾಯ ಎಲ್ಲಿದೆ? ಆರಂಭದ ಹಂತದಲ್ಲಿ ಮಗುವಿಗೆ ಅಪಾಯ ಬರುವುದು ಕಾಯಿಲೆಗಿಂತ ಹೆಚ್ಚಾಗಿ ಔಷಧಗಳಿಂದ. ವಿಟಮಿನ್ ಎ ಜಾತಿಗೆ ಸೇರಿದ ರೆಟಿನಾಯ್ಡ್‌ಗಳು ಇವುಗಳಲ್ಲಿ ಮುಖ್ಯವಾದವು. ಬೆಕ್ಸರೋಟಿನ್ ಮಾತ್ರೆ ಭ್ರೂಣದ ಅಂಗರಚನೆಯನ್ನು ಕೆಡಿಸುವುದರಿಂದ, ಅದನ್ನು ಶುರುಮಾಡುವ ಒಂದು ತಿಂಗಳ ಮುಂಚಿನಿಂದ ನಿಲ್ಲಿಸಿದ ಒಂದು ತಿಂಗಳ ತನಕ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಸೋರಿಯಾಸಿಸ್‌ಗೂ ಕೊಡುವ ಅಸಿಟ್ರೆಟಿನ್ ಇದಕ್ಕಿಂತ ಹಟಮಾರಿ. ಮದ್ಯಸಾರದ ಜೊತೆ ಸೇರಿದರೆ ಅದು ಕೊಬ್ಬಿನಲ್ಲಿ ದೀರ್ಘಕಾಲ ಉಳಿಯುವ ಬೇರೊಂದು ವಸ್ತುವಾಗುತ್ತದೆ. ನಿಲ್ಲಿಸಿದ ಮೂರು ವರ್ಷಗಳವರೆಗೂ ಬಸಿರಾಗಬಾರದೆಂಬ ಎಚ್ಚರಿಕೆ ಅದಕ್ಕಿದೆ. ಮಕ್ಕಳನ್ನು ಹೆರುವ ಯೋಚನೆಯಿರುವ ಹೆಣ್ಣುಮಗಳಿಗೆ ಈ ಮಾತ್ರೆಯನ್ನು ಬರೆದುಕೊಡದಿರುವುದೇ ಲೇಸು. ಮೆಥೊಟ್ರೆಕ್ಸೇಟ್ ಅಗ್ಗ, ಎಲ್ಲೆಡೆಯೂ ಸಿಗುತ್ತದೆ. ಆದರೆ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಅದು ಗರ್ಭಪಾತಕ್ಕೂ ಅಂಗವಿಕಲತೆಗೂ ಕಾರಣವಾಗುತ್ತದೆ. ಅದನ್ನು ನಿಲ್ಲಿಸಿ ಒಂದರಿಂದ ಮೂರು ತಿಂಗಳಾದರೂ ಕಳೆಯಬೇಕು. ಚರ್ಮಕ್ಕೆ ಹಚ್ಚುವ ನೈಟ್ರೋಜನ್ ಮಸ್ಟರ್ಡ್ ಮುಲಾಮೂ ಬೇಡ. ಸೋರಾಲೆನ್ ಎಂಬ ವಸ್ತುವನ್ನು ನುಂಗಿಸಿ ಅತಿನೇರಳೆ ಎ ಕಿರಣಗಳಿಗೆ ಮೈಯೊಡ್ಡಿಸುವ ಚಿಕಿತ್ಸೆಯನ್ನೂ ಬಸಿರಿನಲ್ಲಿ ಬಿಡುತ್ತಾರೆ. ತೊನ್ನೆಂದು ತಪ್ಪಾಗಿ ತಿಳಿದು ಬಾವಂಚಿ ಬೀಜದ, ಅಂದರೆ ಬಾಕುಚಿಯ ಪುಡಿಯನ್ನು ಸೇವಿಸುತ್ತಿರುವವರು ಆ ಬೀಜದಲ್ಲಿರುವುದೂ ಇದೇ ಸೋರಾಲೆನ್ ಎಂಬುದನ್ನು ತಿಳಿದಿರಬೇಕು.

ಬಿಡಬೇಕಾದವುಗಳ ಮಾತಾಯಿತು. ಉಳಿದದ್ದು ಏನು? ಸಾಕಷ್ಟಿದೆ. ಕಿರುಪಟ್ಟಿಯ ಅತಿನೇರಳೆ ಬಿ ಕಿರಣಗಳ ಚಿಕಿತ್ಸೆ ಅವುಗಳಲ್ಲಿ ಮುಖ್ಯವಾದದ್ದು. ಆಳೆತ್ತರದ ಕೊಳವೆ ದೀಪಗಳನ್ನು ಸುತ್ತಲೂ ನಿಲ್ಲಿಸಿದ ಒಂದು ಕಿರಿದಾದ ಕಪಾಟಿನಂಥ ಕೋಣೆಯೊಳಗೆ ರೋಗಿ ಕಲೆಗಳಿರುವ ಭಾಗಗಳನ್ನು ತೆರೆದು ನಿಲ್ಲುತ್ತಾಳೆ. ಕಣ್ಣಿಗೆ ಕಪ್ಪು ಕನ್ನಡಕವಿರುತ್ತದೆ. ಮೊದಲ ದಿನ ಕೆಲವೇ ಸೆಕೆಂಡು. ಚರ್ಮ ಒಗ್ಗಿದಂತೆ ಕೆಲವು ನಿಮಿಷಗಳ ತನಕ ಏರಿಸುತ್ತಾರೆ. ವಾರಕ್ಕೆ ಎರಡು ಅಥವಾ ಮೂರು ಸಲ ಇದು ನಡೆಯುತ್ತದೆ. ಈ ಕಿರಣಗಳು ಚರ್ಮದ ಮೇಲ್ಪದರಗಳಲ್ಲಿಯೇ ಹೀರಿಹೋಗುವುದರಿಂದ ಗರ್ಭದ ಮಗುವನ್ನು ತಲುಪುವ ಪ್ರಶ್ನೆಯೇ ಇಲ್ಲ. ಬಸುರಿಯ ವಿಷಯದಲ್ಲಿ ಎರಡು ಮೂರು ಸಣ್ಣ ಎಚ್ಚರಗಳು ಮಾತ್ರ ಬೇಕು. ಬಸಿರಿನಲ್ಲಿ ಕೆನ್ನೆ ಹಣೆಗಳ ಮೇಲೆ ಮೂಡುವ ಬಂಗು ಬೆಳಕಿಗೆ ಇನ್ನಷ್ಟು ಕಪ್ಪಾಗುವುದರಿಂದ ಮುಖವನ್ನು ಬಟ್ಟೆಯಿಂದ ಮುಚ್ಚಬೇಕು. ಕೋಣೆ ಬಿಸಿಯೇರುವುದರಿಂದ, ನಿಂತಲ್ಲೇ ತಲೆ ಸುತ್ತುವ ಸಂಭವವಿರುವುದರಿಂದ, ಹೊರಗೆ ಒಬ್ಬರು ಕಾದಿರಬೇಕು. ಅತಿನೇರಳೆ ಕಿರಣಗಳು ರಕ್ತದಲ್ಲಿನ ಫೋಲಿಕ್ ಆಮ್ಲವನ್ನು ತಗ್ಗಿಸಬಹುದೆಂದು ಕೆಲವು ಅಧ್ಯಯನಗಳಲ್ಲಿ ಕಂಡಿರುವುದರಿಂದ ಆ ಮಾತ್ರೆಯನ್ನು ತಪ್ಪಿಸಬಾರದು. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ, ಎಷ್ಟೋ ಹೆಂಗಸರಿಗೆ ಬಸಿರು ಗೊತ್ತಾಗುವ ಮುನ್ನವೇ. ಆದ್ದರಿಂದ ಫೋಲಿಕ್ ಆಮ್ಲವನ್ನು ಬಸಿರಿಗೆ ಮೊದಲೇ ಶುರುಮಾಡಿರುವುದು ಮೇಲು.

ಸ್ಟೆರಾಯ್ಡ್ ಮುಲಾಮುಗಳನ್ನೂ ಬಳಸಬಹುದು. ಸೌಮ್ಯ ಮತ್ತು ಮಧ್ಯಮ ಶಕ್ತಿಯವುಗಳಿಂದ ಮಗುವಿಗೆ ತೊಂದರೆಯಾದ ಸಾಕ್ಷ್ಯವಿಲ್ಲ. ಪ್ರಬಲವಾದ ಮುಲಾಮು ಇಡೀ ಗರ್ಭಾವಧಿಯಲ್ಲಿ ಸುಮಾರು 300 ಗ್ರಾಂ ಮೀರಿದರೆ, ಎಂದರೆ 30 ಗ್ರಾಂನ ಹತ್ತು ಟ್ಯೂಬುಗಳಿಗಿಂತ ಹೆಚ್ಚಾದರೆ, ಮಗುವಿನ ತೂಕ ಕಡಿಮೆಯಾಗಬಹುದೆಂಬ ಸೂಚನೆಯಿದೆ. ಒಂಟಿ ಗಡ್ಡೆಯೊಂದು ಕೈಯಲ್ಲೋ ಮುಖದಲ್ಲೋ ಎದ್ದಿದ್ದರೆ ಹೊಟ್ಟೆಯನ್ನು ಸೀಸದ ಹೊದಿಕೆಯಿಂದ ಮರೆಮಾಡಿ ಅಷ್ಟೇ ಜಾಗಕ್ಕೆ ಕಡಿಮೆ ಪ್ರಮಾಣದ ವಿಕಿರಣ ಕೊಡುವುದುಂಟು. ಇವ್ಯಾವುವೂ ಸಾಲದಾದಾಗ ಇಂಟರ್‌ಫೆರಾನ್ ಆಲ್ಫಾ ಚುಚ್ಚುಮದ್ದಿದೆ. ಅದರ ಅಣು ದೊಡ್ಡದಾಗಿದ್ದು ಮಾಸನ್ನು ಅಷ್ಟಾಗಿ ದಾಟುವುದಿಲ್ಲ. ಕೆಲವು ರಕ್ತದ ಕಾಯಿಲೆಗಳಿಗೆ ಬಸುರಿಯರಲ್ಲಿ ಅದನ್ನು ಬಳಸಿದ ಅನುಭವ ವೈದ್ಯಲೋಕಕ್ಕೆ ಇದೆ. ಏನೂ ಮಾಡದೆ ಕಾದು ನೋಡುವುದೂ ಒಂದು ಚಿಕಿತ್ಸಾಕ್ರಮವೇ. ಕಲೆಗಳು ಅಲ್ಪವಾಗಿದ್ದು ತುರಿಕೆ ಸಹಿಸುವಂತಿದ್ದರೆ ಬರಿಯ ತೇವಕಾರಕ ಮುಲಾಮಿನಲ್ಲಿಯೇ ಒಂಬತ್ತು ತಿಂಗಳು ಕಳೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕಾಯಿಲೆ ಮೊದಲೇ ಗೊತ್ತಿದ್ದವರ ವಿಚಾರ ಇಷ್ಟಾಯಿತು. ಬಸಿರಿನಲ್ಲಿಯೇ ಮೊದಲ ಸಲ ಸಂಶಯ ಬಂದರೆ ಏನು ಮಾಡಬೇಕು? ಬಸಿರಿನಲ್ಲಿ ತುರಿಕೆ ಸಾಮಾನ್ಯ. ಹೊಟ್ಟೆಯ ಬಿರುಕು ಗೆರೆಗಳ ಸುತ್ತ ಏಳುವ ದದ್ದು, ಮೊದಲಿದ್ದ ಇಸುಬು ಹೆಚ್ಚುವುದು, ಪಿತ್ತರಸ ಕಟ್ಟಿಕೊಂಡು ಅಂಗೈ ಅಂಗಾಲು ತುರಿಸುವುದು, ಇವೆಲ್ಲ ಈ ಲಿಂಫೋಮಾಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕಾಣುತ್ತವೆ. ಪಿತ್ತದ ತುರಿಕೆ ಮಗುವಿಗೆ ಅಪಾಯಕರವಾದ್ದರಿಂದ ಅದನ್ನು ಮೊದಲು ರಕ್ತಪರೀಕ್ಷೆಯಿಂದ ತಳ್ಳಿಹಾಕಬೇಕು. ಬಸಿರಿಗೆ ಮುಂಚಿನಿಂದಲೂ ಇರುವ, ಒಂದೇ ಜಾಗದಲ್ಲಿ ಕೂತಿರುವ ಕಲೆಯಿಂದ ಚೂರು ತೆಗೆಯಲು ಹೆರಿಗೆಯ ತನಕ ಕಾಯಬೇಕಾಗಿಲ್ಲ. ಲಿಗ್ನೊಕೇನ್ ಚುಚ್ಚಿ ಜಾಗವನ್ನು ಮರಗಟ್ಟಿಸಿ, ನಾಲ್ಕರಿಂದ ಆರು ಮಿಲಿಮೀಟರ್ ಅಗಲದ ಚರ್ಮದ ತುಣುಕನ್ನು ತೆಗೆದು ಹೊಲಿಗೆ ಹಾಕುವುದು ಬಸಿರಿನ ಯಾವ ತಿಂಗಳಲ್ಲಿಯೂ ನಿರಪಾಯ. ದುಗ್ಧಗ್ರಂಥಿಗಳನ್ನು ನೋಡಲು ಅಲ್ಟ್ರಾಸೌಂಡ್ ಸಾಕು. ತೀರ ಅಗತ್ಯ ಬಿದ್ದರೆ ಬಣ್ಣದ ಮದ್ದು ಚುಚ್ಚದೆ ಎಂಆರ್‌ಐ ಮಾಡಬಹುದು. ಪೆಟ್ ಸ್ಕ್ಯಾನ್ ಹೆರಿಗೆಯ ನಂತರಕ್ಕೆ.

ಮುಂದುವರಿದ ಹಂತದ ಕಥೆ ಬೇರೆ. ಮೈಯೆಲ್ಲ ಕೆಂಪೇರಿ, ರಕ್ತದಲ್ಲಿಯೂ ಕ್ಯಾನ್ಸರ್ ಕೋಶಗಳು ತುಂಬುವ ಸೆಜಾರಿ ಸಿಂಡ್ರೋಮ್ ಬಸಿರಿನ ಜೊತೆ ಕೂಡುವುದು ಅತಿ ವಿರಳ. ಕೂಡಿದಾಗ ಮಾತ್ರ ಅದು ಗಂಭೀರವೇ. ಕೆಂಪೇರಿದ ಚರ್ಮ ನೀರನ್ನೂ ಪ್ರೋಟೀನನ್ನೂ ಶಾಖವನ್ನೂ ಸೋರಿಸುತ್ತದೆ. ಬಿರಿದ ಚರ್ಮದ ಮೂಲಕ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ. ಈ ಹಂತದ ರೋಗಿಗಳು ಸಾಯುವುದು ಗಡ್ಡೆಗಳಿಂದಲ್ಲ, ಹೆಚ್ಚಾಗಿ ಇಂಥ ಸೋಂಕುಗಳಿಂದಲೇ. ಕೀಮೋಥೆರಪಿ ಕೊಡಲೇಬೇಕಾದರೆ ಮೊದಲ ಮೂರು ತಿಂಗಳು ಬಿಟ್ಟು, ಹೆರಿಗೆಗೆ ಸುಮಾರು ಮೂರು ವಾರ ಇರುವಾಗ ನಿಲ್ಲಿಸಿ, ತಾಯಿ ಮಗು ಇಬ್ಬರ ರಕ್ತಕಣಗಳೂ ಚೇತರಿಸಿಕೊಳ್ಳಲು ಬಿಡುವು ಕೊಡುತ್ತಾರೆ. ಬಸಿರನ್ನು ಮುಂದುವರಿಸಬೇಕೇ ಎಂಬ ತೀರ್ಮಾನ ತಿಂಗಳನ್ನೂ ಹಂತವನ್ನೂ ಅವಲಂಬಿಸುತ್ತದೆ. ಆ ತೀರ್ಮಾನವನ್ನು ಚರ್ಮವೈದ್ಯರು, ಕ್ಯಾನ್ಸರ್ ತಜ್ಞರು, ಹೆರಿಗೆ ವೈದ್ಯರು, ಮಕ್ಕಳ ವೈದ್ಯರು ಒಟ್ಟಿಗೆ ಕುಳಿತು ಎಲ್ಲ ಸಂಗತಿಗಳನ್ನೂ ಮುಂದಿಟ್ಟ ಮೇಲೆ, ಹೆಣ್ಣುಮಗಳೇ ಕೈಗೊಳ್ಳಬೇಕಾದದ್ದು. ಮುಂದುವರಿದ ಹಂತದವರಲ್ಲಿ ಹೆರಿಗೆಯ ನಂತರ ಮಾಸನ್ನು ಪರೀಕ್ಷೆಗೆ ಕಳಿಸುವುದು ರೂಢಿಯಾದ್ದರಿಂದ ಅದನ್ನು ಹೂಳುವ ಆತುರ ಬೇಡವೆಂದು ಮನೆಯವರಿಗೆ ಮೊದಲೇ ಹೇಳಿರಬೇಕು.

ಕೊನೆಯದಾಗಿ ಬಾಣಂತನದ ಮಾತು. ಹೆರಿಗೆಯ ನಂತರದ ತಿಂಗಳುಗಳಲ್ಲಿಯೂ ಎಚ್ಚರ ಬೇಕೆಂಬುದಕ್ಕೆ ಆಗಲೇ ಕಾರಣ ಕೊಟ್ಟಾಗಿದೆ. ಕನ್ನಡನಾಡಿನ ಪದ್ಧತಿ ಈ ಎಚ್ಚರಕ್ಕೆ ಎರಡು ಕಡೆ ಅಡ್ಡ ಬರುತ್ತದೆ. ಏಳನೇ ತಿಂಗಳ ಸೀಮಂತ ಮುಗಿಸಿ ಮಗಳು ತವರಿಗೆ ಹೊರಟಾಗ ವೈದ್ಯರು ಬದಲಾಗುತ್ತಾರೆ. ಊರಿನಲ್ಲಿ ಬೆಳಕಿನ ಚಿಕಿತ್ಸೆಯ ಯಂತ್ರ ಇರುವುದಿಲ್ಲ. ಚರ್ಮದ ಕಾಯಿಲೆಯ ಕಾಗದಪತ್ರಗಳು ಗಂಡನ ಮನೆಯ ಬೀರುವಿನಲ್ಲಿಯೇ ಉಳಿದಿರುತ್ತವೆ. ಹೆರಿಗೆಯಾದ ಮೇಲೆ ಬಾಣಂತಿ ಮೂರು ಅಥವಾ ಐದು ತಿಂಗಳು ಹೊಸಿಲು ದಾಟಬಾರದೆಂಬ ನಿಯಮವೂ ಸೇರಿದರೆ, ಕಾಯಿಲೆ ಕದಲಬಹುದಾದ ಕಾಲದಲ್ಲಿಯೇ ಚರ್ಮವನ್ನು ನೋಡುವವರು ಯಾರೂ ಇಲ್ಲದಂತಾಗುತ್ತದೆ. ಆಶಾ ಕಾರ್ಯಕರ್ತೆ ಕೈಯಲ್ಲಿ ಹಿಡಿದು ನೋಡುವ ತಾಯಿ ಕಾರ್ಡಿನಲ್ಲಿ ಕಾಯಿಲೆಯ ಹೆಸರು, ಹಂತ, ನಡೆಯುತ್ತಿರುವ ಮುಲಾಮು, ತೆಗೆದುಕೊಳ್ಳಬಾರದ ಮಾತ್ರೆಗಳು ಇಷ್ಟನ್ನೂ ಮೊದಲೇ ಬರೆಸಿಟ್ಟಿದ್ದರೆ ಈ ತೊಂದರೆಯ ಅರ್ಧ ಪಾಲು ಕಳೆಯುತ್ತದೆ. ಎಣ್ಣೆ ನೀವಿಸಿಕೊಳ್ಳುವುದರಿಂದ ಕೆಡುಕಿಲ್ಲ, ಒಣಗಿದ ಚರ್ಮಕ್ಕೆ ಅದು ಹಿತವೇ; ಆದರೆ ಹಂಡೆಯ ಕುದಿನೀರನ್ನು ಎರೆದು ಸೀಗೆಪುಡಿಯಿಂದ ಉಜ್ಜುವುದು ತುರಿಕೆಯನ್ನು ಇಮ್ಮಡಿಸುತ್ತದೆ. ನೀರು ಉಗುರುಬೆಚ್ಚಗಿದ್ದರೆ ಸಾಕು. ಹಾಲೂಡಿಸುವ ತಾಯಿ ಮೊಲೆತೊಟ್ಟಿನ ಸುತ್ತ ಸ್ಟೆರಾಯ್ಡ್ ಹಚ್ಚಬೇಕಾಗಿ ಬಂದರೆ ಹಾಲು ಕೊಟ್ಟಾದ ಮೇಲೆ ತೆಳುವಾಗಿ ಹಚ್ಚಿ, ಮುಂದಿನ ಸಲಕ್ಕೆ ಮೊದಲು ಒರೆಸಿ ತೊಳೆಯಬೇಕು. ಬೆಳಕಿನ ಚಿಕಿತ್ಸೆಗೂ ಹಾಲೂಡಿಸುವುದಕ್ಕೂ ವಿರೋಧವಿಲ್ಲ. ಮಗುವಿನ ಒಂದೂವರೆ ತಿಂಗಳ ಲಸಿಕೆಗೆಂದು ಆಸ್ಪತ್ರೆಗೆ ಹೋಗುವ ದಿನವೇ ತಾಯಿಯೂ ಚರ್ಮವೈದ್ಯರಿಗೆ ಮೈ ತೋರಿಸಿ ಬರಬಹುದು. ಮುಂದಿನ ಲಸಿಕೆಗಳು ಎರಡೂವರೆ ಮತ್ತು ಮೂರೂವರೆ ತಿಂಗಳಿಗೆ ಬರುತ್ತವೆ. ಆ ದಿನಗಳಲ್ಲಿ ಮನೆಯಿಂದ ಹೊರಡಲು ಯಾವ ಅಜ್ಜಿಯ ಆಕ್ಷೇಪವೂ ಇರುವುದಿಲ್ಲ.